ಪೋರ್ಟ್ ವೈನಿನ ಓಲ್ಡ್ ಫ್ಯಾಷನ್ಡ್: ಗೋವಾದ ಮನೆಯಲ್ಲಿ ಮಾಡುವ ಬಗೆ

ಗೋವಾದಲ್ಲಿ ನೆಲೆಸಿದ ಕನ್ನಡಿಗರ ಮನೆಗೆ ಹುಬ್ಬಳ್ಳಿ, ಬೆಳಗಾವಿ ಕಡೆಯಿಂದ ಗೆಳೆಯರು ಬಂದಿಳಿದರೆ ಎರಡು ಬೇಡಿಕೆಗಳು ಖಾಯಂ: ಒಂದು ಸಮುದ್ರ, ಇನ್ನೊಂದು ಪೋರ್ಟ್ ವೈನ್. ಸಮುದ್ರ ತೋರಿಸುವುದು ಸುಲಭ. ವೈನಿನ ವಿಷಯದಲ್ಲಿ ಮಾತ್ರ ಎಲ್ಲರಿಗೂ ಅವಸರ. ಬಾಟಲಿ ತೆರೆದು, ಉದ್ದನೆಯ ಲೋಟಕ್ಕೆ ಸುರಿದು, ನಾಲ್ಕು ತುಂಡು ಐಸ್ ಹಾಕಿ ಗಟಗಟನೆ ಮುಗಿಸುತ್ತಾರೆ. ಮರುದಿನ ತಲೆ ಹಿಡಿದುಕೊಂಡು ಕುಳಿತಾಗ ಬೈಸಿಕೊಳ್ಳುವುದು ಗೋವಾ. ಅದೇ ವೈನನ್ನು ಅರ್ಧ ಪೆಗ್‌ನಷ್ಟೇ ಬಳಸಿ, ಒಂದು ಗಂಟೆ ಕೂತು ಕುಡಿಯುವಂಥ ಓಲ್ಡ್ ಫ್ಯಾಷನ್ಡ್ ಎಂಬ ವಿಸ್ಕಿ ಕಾಕ್‌ಟೇಲ್ ಮಾಡುವ ಕ್ರಮ ಇಲ್ಲಿದೆ. ಶೇಕರ್ ಬೇಕಿಲ್ಲ, ಬಾರ್‌ನಲ್ಲಿ ದುಡಿದ ಅನುಭವವೂ ಬೇಕಿಲ್ಲ. ಅಳತೆಗೆ ಒಂದು ಮುಚ್ಚಳ, ಕಲಕಲು ಉದ್ದ ಹಿಡಿಯ ಚಮಚ, ದಪ್ಪ ತಳದ ಗಿಡ್ಡ ಗಾಜಿನ ಲೋಟ ಇದ್ದರೆ ಸಾಕು.

ಸಕ್ಕರೆ ಎಲ್ಲಿ ಹೋಯಿತು?

ಓಲ್ಡ್ ಫ್ಯಾಷನ್ಡ್‌ನ ಮೂಲ ಸಾಮಾನು ನಾಲ್ಕೇ: ಖಡಕ್ ಮದ್ಯ, ಸಕ್ಕರೆ, ನೀರು, ಬಿಟರ್ಸ್ ಎಂಬ ಕಹಿ ಕಷಾಯ. ಕಾಕ್‌ಟೇಲ್ ಎಂದರೇನು ಎಂದು ಓದುಗನೊಬ್ಬ ಕೇಳಿದ ಪ್ರಶ್ನೆಗೆ 1806ರ ಮೇ ತಿಂಗಳಲ್ಲಿ ನ್ಯೂಯಾರ್ಕ್ ರಾಜ್ಯದ ಹಡ್ಸನ್ ಎಂಬ ಊರಿನ ಪತ್ರಿಕೆ ಕೊಟ್ಟ ಉತ್ತರವೂ ಇದೇ ನಾಲ್ಕು. ಆಮೇಲಿನ ದಶಕಗಳಲ್ಲಿ ಬಾರ್‌ನವರು ಇದಕ್ಕೆ ಬಗೆಬಗೆಯ ಸಿಹಿ ಮದ್ಯಗಳನ್ನು ಬೆರೆಸತೊಡಗಿದರು. ಅದು ಒಗ್ಗದ ಗಿರಾಕಿಗಳು ‘ನಮಗೆ ಹಳೆಯ ರೀತಿಯದನ್ನೇ ಕೊಡಿ’ ಎಂದು ಕೇಳುತ್ತ ಹೋದದ್ದರಿಂದ ಈ ಹೆಸರು ನಿಂತಿತು. ಇಂದಿನ ಪ್ರಮಾಣಿತ ಅಳತೆ ಎಂದರೆ 45ರಿಂದ 60 ಮಿ.ಲೀ. ವಿಸ್ಕಿ, ಒಂದು ಸಕ್ಕರೆ ಅಚ್ಚು, ಕೆಲವು ಹನಿ ಬಿಟರ್ಸ್, ಸ್ವಲ್ಪ ನೀರು, ಮೇಲೆ ಕಿತ್ತಳೆ ಸಿಪ್ಪೆ.

ಇದಕ್ಕೆ ಪೋರ್ಟ್ ಸೇರಿಸುವವರು ಸಾಮಾನ್ಯವಾಗಿ ಏನು ಮಾಡುತ್ತಾರೆಂದರೆ, ಸಕ್ಕರೆಯನ್ನು ಹಾಗೆಯೇ ಇಟ್ಟುಕೊಂಡು ಮೇಲಿನಿಂದ ವೈನನ್ನೂ ಸುರಿಯುತ್ತಾರೆ. ಎರಡನೆಯ ಗುಟುಕಿಗೇ ತುಟಿ ಅಂಟುತ್ತದೆ. ಪೋರ್ಟಿನಲ್ಲಿ ಲೀಟರಿಗೆ ಸುಮಾರು 100 ಗ್ರಾಂ ಸಕ್ಕರೆ ಇರುತ್ತದೆ. ಹಾಗಾಗಿ 30 ಮಿ.ಲೀ. ಪೋರ್ಟ್ ಹಾಕಿದರೆ 3 ಗ್ರಾಂ ಸಕ್ಕರೆ ಲೋಟಕ್ಕೆ ಇಳಿಯಿತು ಎಂದೇ ಲೆಕ್ಕ. ಒಂದು ಸಕ್ಕರೆ ಅಚ್ಚಿನ ತೂಕ ಸುಮಾರು 4 ಗ್ರಾಂ. ಅಂದರೆ ಈ ಪಾನೀಯದಲ್ಲಿ ಪೋರ್ಟ್ ಬರುವುದು ಸಕ್ಕರೆಯ ಜಾಗಕ್ಕೆ, ವಿಸ್ಕಿಯ ಜಾಗಕ್ಕಲ್ಲ. ಇದೊಂದನ್ನು ಹಿಡಿದುಕೊಂಡರೆ ಮುಂದಿನ ಅಳತೆಗಳನ್ನು ಬಾಯಿಪಾಠ ಮಾಡಬೇಕಾಗಿಲ್ಲ.

ಬಾಟಲಿ ಆರಿಸುವುದು

ಪಣಜಿಯ 18 ಜೂನ್ ರಸ್ತೆಯಲ್ಲಿ ಒಂದು ಸುತ್ತು ಹಾಕಿದರೆ ಗೋಡಂಬಿಯ ಪೊಟ್ಟಣಗಳ ಪಕ್ಕದಲ್ಲೇ ಪೋರ್ಟ್ ವೈನಿನ ಬಾಟಲಿಗಳ ಸಾಲು ಕಾಣುತ್ತದೆ. ಎಲ್ಲದರ ಮೇಲೂ ‘ಪೋರ್ಟ್’ ಎಂದೇ ಬರೆದಿರುತ್ತದೆ, ಆದರೆ ಒಳಗಿರುವುದು ಎಲ್ಲದರಲ್ಲೂ ಒಂದೇ ಅಲ್ಲ.

ನಿಜವಾದ ಪೋರ್ಟ್ ಉತ್ತರ ಪೋರ್ಚುಗಲ್‌ನ ಡೋರು ನದಿ ಕಣಿವೆಯದು. ದ್ರಾಕ್ಷಿ ರಸ ಹುಳಿಯಲು ಬಿಟ್ಟು, ಅದರ ಸಕ್ಕರೆ ಪೂರ್ತಿ ಆಲ್ಕೊಹಾಲ್ ಆಗುವ ಮೊದಲೇ ದ್ರಾಕ್ಷಿಯಿಂದ ಬಟ್ಟಿ ಇಳಿಸಿದ, ನೂರಕ್ಕೆ 77 ಭಾಗ ಆಲ್ಕೊಹಾಲಿರುವ ಸಾರಾಯಿಯನ್ನು ಅದಕ್ಕೆ ಬೆರೆಸುತ್ತಾರೆ. ಆ ಖಾರಕ್ಕೆ ಯೀಸ್ಟ್ ಸಾಯುತ್ತದೆ, ಹುಳಿಯುವುದು ಅಲ್ಲಿಗೇ ನಿಲ್ಲುತ್ತದೆ. ಉಳಿದ ಸಕ್ಕರೆ ಉಳಿದಂತೆಯೇ ಇರುತ್ತದೆ, ಆಲ್ಕೊಹಾಲ್ ನೂರಕ್ಕೆ 19ರಿಂದ 22ಕ್ಕೆ ಏರುತ್ತದೆ. ಫೋರ್ಟಿಫೈಡ್ ವೈನ್ ಎಂದರೆ ಹೀಗೆ ಸಾರಾಯಿ ಕೂಡಿಸಿ ಬಲ ಹೆಚ್ಚಿಸಿದ ವೈನ್. ಇಂಗ್ಲೆಂಡಿಗೆ ಹಡಗಿನಲ್ಲಿ ಹೋಗುವ ವೈನ್ ದಾರಿಯಲ್ಲಿ ಕೆಡದಿರಲಿ ಎಂಬುದೂ ಈ ಪದ್ಧತಿ ಬೇರೂರಲು ಒಂದು ಕಾರಣ. ಡೋರು ಕಣಿವೆಗೆ 1756ರಲ್ಲಿ ಗಡಿ ಗುರುತಿಸಿ, ಇದರೊಳಗೆ ಬೆಳೆದದ್ದು ಮಾತ್ರ ಪೋರ್ಟ್ ಎಂದು ಕಟ್ಟಳೆ ಮಾಡಿದವನು ಪೋರ್ಚುಗಲ್‌ನ ಮಂತ್ರಿ ಪೊಂಬಾಲ್. ಮೂರು ವರ್ಷಗಳ ಬಳಿಕ ಗೋವಾವೂ ಸೇರಿದಂತೆ ಪೋರ್ಚುಗೀಸರ ನೆಲದಿಂದ ಜೆಸ್ವಿಟ್ ಪಾದ್ರಿಗಳನ್ನು ಹೊರಹಾಕಿಸಿದವನೂ ಅವನೇ. ವೈನಿನಲ್ಲೂ ಧರ್ಮದಲ್ಲೂ ಒಂದೇ ಧಾಟಿಯ ಮನುಷ್ಯ.

ಅಂಗಡಿಯಲ್ಲಿ ನೋಡಬೇಕಾದ್ದು ಲೇಬಲ್ಲಿನ ಮೂಲೆಯಲ್ಲಿರುವ ಆಲ್ಕೊಹಾಲಿನ ಅಂಕಿ. 19ರಿಂದ 20ರ ಆಸುಪಾಸು ಇದ್ದು, ಪೋರ್ಚುಗಲ್‌ನ ಹೆಸರಿದ್ದು, ಬಿರಟೆಯ ಮೇಲೆ ಅಡ್ಡಲಾಗಿ ಉದ್ದನೆಯ ಕಾಗದದ ಮುದ್ರೆ ಅಂಟಿಸಿದ್ದರೆ ಅದು ಡೋರುವಿನದು. ಸ್ಥಳೀಯವಾಗಿ ತುಂಬಿದ ಅಗ್ಗದ ಬಾಟಲಿಗಳಲ್ಲಿ ಅನೇಕವು ಸಿಹಿ ಮಾಡಿದ ಕೆಂಪು ವೈನ್. ಅವುಗಳಲ್ಲಿ ಆ ಅಂಕಿ ಕೆಳಗಿರುತ್ತದೆ, ಸಕ್ಕರೆ ಮುಂದೆ ನಿಲ್ಲುತ್ತದೆ. ಅವು ಕೆಟ್ಟವೆಂದಲ್ಲ, ಅವಕ್ಕೂ ಒಂದು ದಾರಿ ಇದೆ, ಮುಂದೆ ಹೇಳುತ್ತೇನೆ. ಅಂಗಡಿಯಲ್ಲಿ ಕೇಳಲು ಸಂಕೋಚ ಬೇಡ. ಗೋವಾದಲ್ಲಿ ಕೌಂಟರಿನ ಹಿಂದೆ ಕನ್ನಡದ ಹುಡುಗನೇ ಸಿಗುವ ಸಂಭವ ಸಾಕಷ್ಟಿದೆ. ‘ಅಣ್ಣಾ, ಹೊರದೇಶದ್ದು ಟಾನಿ ಇದೆ, ರೇಟು ಜಾಸ್ತಿ, ನಡೆಯುತ್ತದೆಯೇ?’ ಎಂದು ಅವನೇ ಕೇಳಿಯಾನು.

ನಡೆಯುತ್ತದೆ ಎನ್ನಿ. ಪೋರ್ಟಿನಲ್ಲಿ ರೂಬಿ ಮತ್ತು ಟಾನಿ ಎಂಬ ಎರಡು ಮುಖ್ಯ ಬಗೆಗಳು. ರೂಬಿ ದೊಡ್ಡ ತೊಟ್ಟಿಗಳಲ್ಲಿ ಗಾಳಿ ತಾಗದಂತೆ ಸ್ವಲ್ಪ ಕಾಲ ಇದ್ದು ಬರುತ್ತದೆ. ಗಾಢ ಕೆಂಪು, ಹಣ್ಣಿನ ರುಚಿ. ಟಾನಿ ಮರದ ಪೀಪಾಯಿಗಳಲ್ಲಿ ವರ್ಷಗಟ್ಟಲೆ ಕೂತು, ಮರದ ಸಂದಿನಿಂದ ಗಾಳಿ ಕುಡಿದು, ಕೆಂಪು ಕಳೆದುಕೊಂಡು ಇಟ್ಟಿಗೆ ಬಣ್ಣಕ್ಕೆ ತಿರುಗುತ್ತದೆ. ಅದರಲ್ಲಿ ಒಣ ಅಂಜೂರ, ಹುರಿದ ಅಕ್ರೋಟು, ಸುಟ್ಟ ಸಕ್ಕರೆಯ ವಾಸನೆ. ವಿಸ್ಕಿಯೂ ಮರದ ಪೀಪಾಯಿಯಲ್ಲೇ ಬೆಳೆದದ್ದು, ಆದ್ದರಿಂದ ಓಲ್ಡ್ ಫ್ಯಾಷನ್ಡ್‌ಗೆ ಟಾನಿಯೇ ಒಪ್ಪುವ ಜೋಡಿ. ರೂಬಿ ಹಾಕಿದರೂ ಪಾನೀಯ ಚೆನ್ನಾಗಿಯೇ ಇರುತ್ತದೆ, ಬಣ್ಣವೂ ಸುಂದರ, ಆದರೆ ಹಣ್ಣಿನ ರುಚಿ ಮೇಲೆದ್ದು ವಿಸ್ಕಿ ಹಿಂದೆ ಸರಿಯುತ್ತದೆ. 10 ವರ್ಷದ ಟಾನಿ ಕೈಗೆಟುಕಿದರೆ ಸಾಕು. 20, 30, 40 ವರ್ಷದವೂ ಇವೆ. ಅವನ್ನು ಐಸಿನೊಂದಿಗೆ ಬೆರೆಸುವುದು ದುಡ್ಡಿಗೂ ಮರ್ಯಾದೆಗೂ ಕೇಡು.

ವಿಸ್ಕಿಯ ವಿಷಯ ಬೇಗ ಮುಗಿಸುತ್ತೇನೆ. ಬರ್ಬನ್ ಎಂಬ ಅಮೆರಿಕದ ವಿಸ್ಕಿ ಇದ್ದರೆ ಅದು ಮೂಲಕ್ಕೆ ಹತ್ತಿರ. ನಮ್ಮದೇ ಬೇಕೆಂದರೆ ಬೆಂಗಳೂರಿನ ಅಮೃತ್ ಇದೆ, ಪಾಲ್ ಜಾನ್ ಇದೆ. ಪಾಲ್ ಜಾನ್ ಕಂಪನಿ ಬೆಂಗಳೂರಿನದಾದರೂ ಅದರ ಸಿಂಗಲ್ ಮಾಲ್ಟ್ ಇಳಿಯುವುದು ದಕ್ಷಿಣ ಗೋವಾದ ಕುಂಕಳ್ಳಿಯಲ್ಲಿ. ಹಾಗಾಗಿ ಗೋವಾದ ಕನ್ನಡಿಗನ ಲೋಟಕ್ಕೆ ಅದು ಸಹಜವಾಗಿ ಹೊಂದುತ್ತದೆ. ಹೊಗೆಯ ವಾಸನೆಯ ಮಾಲ್ಟ್ ಮಾತ್ರ ಬೇಡ, ಪೋರ್ಟಿನ ಹಣ್ಣು ಆ ಹೊಗೆಯಲ್ಲಿ ಸತ್ತುಹೋಗುತ್ತದೆ. ಒಳ್ಳೆಯ ಬ್ರಾಂದಿಯೂ ನಡೆಯುತ್ತದೆ. ರಮ್ ಹಾಕುವವರು ಸಿಹಿಯನ್ನು ಇನ್ನೂ ತಗ್ಗಿಸಬೇಕು, ನಮ್ಮ ಕಪ್ಪು ರಮ್ಮಿನಲ್ಲಿ ವೆನಿಲ್ಲಾದ ಛಾಯೆ ಮೊದಲೇ ಇರುತ್ತದೆ.

ಗೋವಾ ಎಂದಮೇಲೆ ಫೆನಿ ಏಕಿಲ್ಲ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಗೋಡಂಬಿ ಫೆನಿಗೆ 2009ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ, ಅದರ ಘನತೆಯಲ್ಲಿ ಸಂಶಯವಿಲ್ಲ. ಆದರೆ ಅದರ ವಾಸನೆ ಕೋಣೆಗೆ ಮೊದಲು ಬರುತ್ತದೆ, ಕುಡಿಯುವವನು ಆಮೇಲೆ. ಪೋರ್ಟಿನೊಂದಿಗೆ ಅದು ಜಗಳಕ್ಕೆ ನಿಲ್ಲುತ್ತದೆ. ಫೆನಿಯ ಓಲ್ಡ್ ಫ್ಯಾಷನ್ಡ್ ಬೇಕಿದ್ದರೆ ಪೋರ್ಟನ್ನು ಬದಿಗಿಟ್ಟು, 45 ಮಿ.ಲೀ. ಫೆನಿಗೆ ಒಂದು ಚಹಾ ಚಮಚ ಬೆಲ್ಲದ ನೀರು, ಮೂರು ಕೊಡವು ಬಿಟರ್ಸ್ ಹಾಕಿ ಬೇರೆಯಾಗಿಯೇ ಮಾಡಿಕೊಳ್ಳಿ.

ಬಿಟರ್ಸ್, ಬೆಲ್ಲ, ಸಿಪ್ಪೆ

ಬಿಟರ್ಸ್ ಎಂದರೆ ಕಹಿ ಬೇರು, ಮಸಾಲೆಗಳನ್ನು ಖಡಕ್ ಮದ್ಯದಲ್ಲಿ ನೆನೆಸಿ ತೆಗೆದ ಕಷಾಯ. ಸಾರಿಗೆ ಇಂಗು ಹೇಗೋ ಕಾಕ್‌ಟೇಲಿಗೆ ಇದು ಹಾಗೆ: ಚಿಟಿಕೆಯಷ್ಟೇ ಬೇಕು, ಆದರೆ ಇಲ್ಲದಿದ್ದರೆ ಗೊತ್ತಾಗುತ್ತದೆ. ಎಲ್ಲೆಡೆ ಬಳಕೆಯಲ್ಲಿರುವುದು ಅಂಗೋಸ್ಟುರಾ. ಜರ್ಮನ್ ವೈದ್ಯ ಸೀಗರ್ಟ್ ಇದನ್ನು 1824ರಲ್ಲಿ ವೆನೆಜುವೆಲಾದ ಅಂಗೋಸ್ಟುರಾ ಪಟ್ಟಣದಲ್ಲಿ ಹೊಟ್ಟೆಯ ತೊಂದರೆಗೆ ಔಷಧವಾಗಿ ತಯಾರಿಸಿದ. ಈಗ ಅದು ಟ್ರಿನಿಡಾಡ್‌ನಲ್ಲಿ ತಯಾರಾಗುತ್ತದೆ. ಬಾಟಲಿಯನ್ನು ಗುರುತಿಸುವುದು ಸುಲಭ: ಅದರ ಕಾಗದದ ಲೇಬಲ್ ಬಾಟಲಿಗಿಂತ ದೊಡ್ಡದು, ಕುತ್ತಿಗೆಯವರೆಗೆ ಎದ್ದು ನಿಂತಿರುತ್ತದೆ. ಬಾಟಲಿಯನ್ನು ಬಗ್ಗಿಸಿ ಒಮ್ಮೆ ಜೋರಾಗಿ ಕೊಡವಿದರೆ ಬೀಳುವಷ್ಟಕ್ಕೆ ಬಾರ್‌ನವರು ಡ್ಯಾಶ್ ಎನ್ನುತ್ತಾರೆ, ಇಲ್ಲಿ ಒಂದು ಕೊಡವು ಎಂದಿರುವುದು ಅದನ್ನೇ. ಒಂದು ಮಿಲಿಲೀಟರಿಗಿಂತ ಸ್ವಲ್ಪ ಕಡಿಮೆ.

ಬೆಲೆ ಹೆಚ್ಚೆನಿಸಿದರೆ, ಅಥವಾ ಸಿಗದಿದ್ದರೆ, ಊರಿನ ಗ್ರಂಥಿಗೆ ಅಂಗಡಿ ಇದೆ. ಅಂಗೋಸ್ಟುರಾದ ಕಹಿ ಬರುವುದು ಜೆಂಶನ್ ಎಂಬ ಬೇರಿನಿಂದ, ನಮ್ಮ ಕಿರಾತಕಡ್ಡಿ ಅದೇ ಕುಟುಂಬದ ಗಿಡ. 100 ಮಿ.ಲೀ. ವೋಡ್ಕಾಕ್ಕೆ ಎರಡು ಬೆರಳಲ್ಲಿ ಹಿಡಿಯುವಷ್ಟು ಕಿರಾತಕಡ್ಡಿ, ಎರಡು ಲವಂಗ, ಅರ್ಧ ಇಂಚು ದಾಲ್ಚಿನ್ನಿ, ಒಣಗಿಸಿದ ಕಿತ್ತಳೆ ಸಿಪ್ಪೆಯ ಒಂದು ತುಂಡು ಹಾಕಿ ಗಾಜಿನ ಬಾಟಲಿಯಲ್ಲಿ ಮುಚ್ಚಿಡಿ. ಕಿರಾತಕಡ್ಡಿಯನ್ನು ಒಂದೇ ದಿನಕ್ಕೆ ತೆಗೆದುಬಿಡಿ. ಅದರ ಕಹಿ ಬಹಳ ಬೇಗ ಇಳಿಯುತ್ತದೆ, ಬಿಟ್ಟರೆ ನಾಲಿಗೆ ಮುಟ್ಟಲಾಗದು. ಮಿಕ್ಕದ್ದು ಒಂದು ವಾರ ನೆನೆಯಲಿ, ದಿನಕ್ಕೊಮ್ಮೆ ಅಲ್ಲಾಡಿಸಿ, ಬಟ್ಟೆಯಲ್ಲಿ ಸೋಸಿ. ಬಳಸುವುದು ಹನಿ ಲೆಕ್ಕದಲ್ಲಿ. ಸಕ್ಕರೆ ಕಾಯಿಲೆಗೋ ರಕ್ತದೊತ್ತಡಕ್ಕೋ ಮಾತ್ರೆ ನುಂಗುವವರು ಇದನ್ನು ಬಿಟ್ಟು ಅಂಗಡಿಯದನ್ನೇ ಕೊಳ್ಳುವುದು ಕ್ಷೇಮ. ನಿಜ ಹೇಳಬೇಕೆಂದರೆ, ಆ ಮಾತ್ರೆಯ ಜೊತೆ ಈ ಪಾನೀಯ ಸರಿಯೇ ಎಂದು ವೈದ್ಯರನ್ನೇ ಮೊದಲು ಕೇಳಬೇಕು.

ಬೆಲ್ಲದ ನೀರು ಇಲ್ಲಿ ಕಡ್ಡಾಯವಲ್ಲ, ಅರ್ಧ ಚಹಾ ಚಮಚದ ಮಾತು. ಆದರೆ ಗೋವಾದಲ್ಲಿದ್ದು ತೆಂಗಿನ ಬೆಲ್ಲ ಬಿಡುವುದುಂಟೇ? ಮ್ಹಾಪ್ಸಾದ ಶುಕ್ರವಾರದ ಸಂತೆಯಲ್ಲಿ ಕಪ್ಪನೆಯ, ಗೋಪುರದ ಆಕಾರದ ಅಚ್ಚುಗಳು ಸಿಗುತ್ತವೆ. ಚಾಕುವಿನ ಬೆನ್ನಿನಿಂದ ಕೆರೆದರೆ ಪುಡಿಯಾಗದೆ, ಮೇಣದಂತಹ ಹೊಳಪಿನ ಚಕ್ಕೆಗಳಾಗಿ ಬರುತ್ತದೆ. ಬಾಯಿಗೆ ಹಾಕಿದರೆ ಮೊದಲು ಹೊಗೆ, ಆಮೇಲೆ ಸಿಹಿ, ಕೊನೆಗೆ ತುಸು ಉಪ್ಪು. 100 ಗ್ರಾಂ ಬೆಲ್ಲಕ್ಕೆ 50 ಮಿ.ಲೀ. ನೀರು ಹಾಕಿ ಸಣ್ಣ ಉರಿಯಲ್ಲಿ ಕರಗಿಸಿ. ಕರಗಿದ ಕೂಡಲೇ ಇಳಿಸಿ, ಪಾಕಕ್ಕೆ ಎಳೆ ಬರಬಾರದು. ಎಳೆ ಬಂದ ಪಾಕ ಐಸ್ ತಾಗಿದ ತಕ್ಷಣ ಗಟ್ಟಿಯಾಗಿ ತಳದಲ್ಲಿ ಕೂರುತ್ತದೆ, ಎಷ್ಟು ಕಲಕಿದರೂ ಏಳುವುದಿಲ್ಲ. ಬೆಲ್ಲದಲ್ಲಿ ಕಸ, ಮರಳು ಇರುವುದು ಮಾಮೂಲು, ಆದ್ದರಿಂದ ಬಿಸಿಯಿರುವಾಗಲೇ ತೆಳು ಬಟ್ಟೆಯಲ್ಲಿ ಸೋಸಿ. ಫ್ರಿಜ್ಜಿನಲ್ಲಿ ಎರಡು ವಾರ ಇರುತ್ತದೆ.

ಕಿತ್ತಳೆ ಸಿಪ್ಪೆಯಲ್ಲೊಂದು ತೊಡಕಿದೆ. ನಾಗಪುರದ ಕಿತ್ತಳೆ, ನಮ್ಮ ಕೊಡಗಿನ ಕಿತ್ತಳೆ ಎರಡರದೂ ಸಡಿಲ, ತೆಳು ಸಿಪ್ಪೆ. ಚಾಕು ಹಾಕಿದರೆ ಹರಿದು ಬರುತ್ತದೆ, ಹಿಂಡಿದರೆ ಮಡಚಿಕೊಳ್ಳುತ್ತದೆ. ಬಿಗಿ ಸಿಪ್ಪೆಯ ಮಾಲ್ಟಾ ಕಿತ್ತಳೆ ಇಲ್ಲವೇ ಹಣ್ಣಾಗಿ ಹಳದಿ ತಿರುಗಿದ ಮೋಸಂಬಿ ತೆಗೆದುಕೊಳ್ಳಿ. ಹೊರದೇಶದಿಂದ ಬಂದ ಹಣ್ಣಿಗೆ ಮೇಣ ಹಚ್ಚಿರುತ್ತಾರೆ, ಬೆಚ್ಚಗಿನ ನೀರಲ್ಲಿ ಉಜ್ಜಿ ತೊಳೆದು ಒರೆಸಿ. ಆಲೂಗಡ್ಡೆ ಹೆರೆಯುವ ಸಾಧನದಿಂದ ಎರಡು ಬೆರಳಗಲದ ಒಂದು ಪಟ್ಟಿ ಸುಲಿಯಿರಿ. ಒಳಗಿನ ಬಿಳಿ ಆದಷ್ಟು ಕಡಿಮೆ ಬರಲಿ, ಕಹಿಯಿರುವುದು ಅಲ್ಲಿ.

ಕೆಂಪು ಚೆರ್ರಿ ಹಾಕಬೇಕೇ? ನಮ್ಮ ಬೇಕರಿಗಳಲ್ಲಿ ಚೆರ್ರಿ ಎಂದು ಸಿಗುವುದು ಬಹುಪಾಲು ಬಣ್ಣ ಹಾಕಿ ಸಕ್ಕರೆಯಲ್ಲಿ ಅದ್ದಿದ ಕವಳಿಕಾಯಿ. ಬನ್ನಿಗೆ, ಬೀಡಾಕ್ಕೆ ಅದು ಚೆಂದ. ಇಲ್ಲಿ ಬೇಡ.

ಐಸ್

ಮನೆಯಲ್ಲಿ ಮಾಡಿದ ಕಾಕ್‌ಟೇಲ್ ನೀರುನೀರಾಗಲು ಬಹುತೇಕ ಕಾರಣ ಐಸ್, ಮದ್ಯವಲ್ಲ. ಫ್ರಿಜ್ಜಿನ ಟ್ರೇಯ ಸಣ್ಣ ತುಂಡುಗಳು ಗೋವಾದ ಮೇ ತಿಂಗಳ ಸೆಕೆಯಲ್ಲಿ ಐದು ನಿಮಿಷ ನಿಲ್ಲುವುದಿಲ್ಲ. ಬೇಕಾದ್ದು ಮುಷ್ಟಿಗೆ ಸ್ವಲ್ಪ ಕಡಿಮೆ ಗಾತ್ರದ ಒಂದೇ ತುಂಡು. ಸಣ್ಣ ಸ್ಟೀಲ್ ಬಟ್ಟಲಿನಲ್ಲಿ ನೀರು ಹಾಕಿ ಗಟ್ಟಿ ಮಾಡಿಕೊಂಡರೂ ಸಾಕು.

ಗಾಜಿನಂತೆ ತಿಳಿಯಾದ ಐಸ್ ಬೇಕೆಂಬ ಹಟವಿದ್ದರೆ ನೀರು ಕುದಿಸುವುದರಿಂದ ಹೆಚ್ಚೇನೂ ಆಗದು. ಫ್ರೀಜರಿನಲ್ಲಿ ಕೂರುವ ಅಳತೆಯ ಥರ್ಮೋಕೋಲ್ ಡಬ್ಬಿಗೆ ಆಹಾರಕ್ಕೆ ಬಳಸುವ ಪ್ಲಾಸ್ಟಿಕ್ ಹಾಸಿ, ಕುಡಿಯುವ ನೀರು ತುಂಬಿ, ಮುಚ್ಚಳವಿಲ್ಲದೆ ಇಡಿ. ಸುತ್ತಲಿಂದ ಚಳಿ ತಾಗದ ಕಾರಣ ನೀರು ಮೇಲಿನಿಂದ ಕೆಳಕ್ಕಷ್ಟೇ ಹೆಪ್ಪುಗಟ್ಟುತ್ತ, ಗಾಳಿಯ ಗುಳ್ಳೆಗಳನ್ನು ತಳಕ್ಕೆ ತಳ್ಳುತ್ತದೆ. ಹದಿನೆಂಟು, ಇಪ್ಪತ್ತು ತಾಸಿನ ಹೊತ್ತಿಗೆ ತಳ ಇನ್ನೂ ನೀರಾಗಿರುವಾಗಲೇ ತೆಗೆದು ಆ ನೀರು ಚೆಲ್ಲಿ, ಮೇಲಿನ ಹಲಗೆಯನ್ನು ಗರಗಸದಂತಹ ಬ್ರೆಡ್ ಚಾಕುವಿನಿಂದ ಗೀರಿ ತಟ್ಟಿದರೆ ಚೌಕವಾಗಿ ಒಡೆಯುತ್ತದೆ.

ಅದಕ್ಕಿಂತ ಮುಖ್ಯವಾದ ಮಾತು: ಫ್ರೀಜರಿನಲ್ಲಿ ಬಂಗಡೆ ಇದೆಯೇ? ಗೋವಾದ ಯಾವ ಮನೆಯಲ್ಲಿಲ್ಲ! ಐಸ್ ಪಕ್ಕದ ವಾಸನೆಯನ್ನೆಲ್ಲ ಹೀರಿಕೊಳ್ಳುತ್ತದೆ. ಹೆಪ್ಪುಗಟ್ಟಿದ ಕೂಡಲೇ ಮುಚ್ಚಳ ಬಿಗಿಯಿರುವ ಡಬ್ಬಿಗೆ ಹಾಕಿಡಿ, ಬಳಸುವ ಮೊದಲು ಒಮ್ಮೆ ನೀರಲ್ಲಿ ತೊಳೆಯಿರಿ. ಮೀನು ಮಾರುಕಟ್ಟೆಯ ಪಕ್ಕ ಸಿಗುವ ಐಸ್ ಗಟ್ಟಿ ಮೀನಿಗೆ ಮಾಡಿದ್ದು, ಅದನ್ನು ಲೋಟಕ್ಕೆ ತರಬೇಡಿ.

ಈಗ ಮಾಡುವ ಕ್ರಮ

ಒಂದು ಲೋಟಕ್ಕೆ: ವಿಸ್ಕಿ 45 ಮಿ.ಲೀ., ಟಾನಿ ಪೋರ್ಟ್ 30 ಮಿ.ಲೀ., ಬಿಟರ್ಸ್ ಮೂರು ಕೊಡವು, ಬೆಲ್ಲದ ನೀರು ಬೇಕೆನಿಸಿದರೆ ಅರ್ಧ ಚಹಾ ಚಮಚ, ಸಿಪ್ಪೆಯ ಒಂದು ಪಟ್ಟಿ.

ಕುಡಿಯುವ ಲೋಟವನ್ನು ಹತ್ತು ನಿಮಿಷ ಫ್ರೀಜರಿನಲ್ಲಿಡಿ. ಇನ್ನೊಂದು ದೊಡ್ಡ ಲೋಟಕ್ಕೆ ಮೊದಲು ಬಿಟರ್ಸ್, ಬಳಿಕ ಪೋರ್ಟ್, ಕೊನೆಗೆ ವಿಸ್ಕಿ ಹಾಕಿ. ಅಗ್ಗದ್ದರಿಂದ ಶುರುಮಾಡಿ ದುಬಾರಿಯದಕ್ಕೆ ಬರುವುದು ಬಾರ್‌ನವರ ಜಾಣತನ, ಅಳತೆ ತಪ್ಪಿದರೆ ಚೆಲ್ಲಿ ಹೋಗುವುದು ಕಡಿಮೆ. ಇಲ್ಲಿ ಪೋರ್ಟೇ ದುಬಾರಿಯಾಗಿದ್ದರೆ ಅದನ್ನು ಕೊನೆಗೆ ಹಾಕಿ, ರುಚಿಗೇನೂ ವ್ಯತ್ಯಾಸವಿಲ್ಲ. ಬೆಲ್ಲದ ನೀರನ್ನು ಈಗಲೇ ಹಾಕಬೇಡಿ.

ಈ ದೊಡ್ಡ ಲೋಟದ ಮುಕ್ಕಾಲು ಭಾಗಕ್ಕೆ ಸಾಧಾರಣ ಐಸ್ ತುಂಬಿ. ಚಮಚದ ಬೆನ್ನು ಗಾಜಿನ ಗೋಡೆಗೆ ತಾಗಿಕೊಂಡೇ ಸುತ್ತುವಂತೆ, ಸದ್ದಾಗದ ಹಾಗೆ ಕಲಕಿ. ಶೇಕ್ ಮಾಡಬೇಡಿ: ಗಾಳಿ ಸೇರಿ ಮಬ್ಬಾಗುತ್ತದೆ, ಪೋರ್ಟಿನ ಬಣ್ಣ ಕೆಸರಾಗುತ್ತದೆ. ಮೂವತ್ತು ಸುತ್ತು ಬೇಕಾದೀತು, ಸಣ್ಣ ಐಸ್ ಆದರೆ ಇಪ್ಪತ್ತಕ್ಕೇ ನಿಲ್ಲಿಸಿ. ಲೋಟದ ಹೊರಮೈ ಬೆವರಿ, ಹಿಡಿದ ಬೆರಳಿಗೆ ಚಳಿ ಚುಚ್ಚತೊಡಗಿದಾಗ ಹದ ಬಂದಿದೆ. ಈ ಕಲಕುವುದು ತಣ್ಣಗಾಗಿಸಲು ಮಾತ್ರವಲ್ಲ, ನಾಲ್ಕು ಸಾಮಾನುಗಳಲ್ಲಿ ನೀರು ಎಂದಿತ್ತಲ್ಲ, ಅದು ಬರುವುದು ಈ ಐಸಿನಿಂದ. ಸುಮಾರು 20 ಮಿ.ಲೀ. ನೀರು ಕರಗಿ ಸೇರುತ್ತದೆ.

ಈಗ ಚಮಚದಲ್ಲಿ ರುಚಿ ನೋಡಿ. ಒಣಗಿದಂತೆ, ಬಾಯಿ ಒಗರಾದಂತೆ ಎನಿಸಿದರೆ ಮಾತ್ರ ಬೆಲ್ಲದ ನೀರು ಸೇರಿಸಿ ಇನ್ನೆರಡು ಸುತ್ತು ಕಲಕಿ. ಫ್ರೀಜರಿನಿಂದ ತೆಗೆದ ಲೋಟದಲ್ಲಿ ದೊಡ್ಡ ಐಸ್ ತುಂಡಿಟ್ಟು ಚಹಾ ಸೋಸುವ ಜರಡಿಯ ಮೂಲಕ ಸುರಿಯಿರಿ.

ಸಿಪ್ಪೆಯ ಪಟ್ಟಿಯ ಬಣ್ಣದ ಬದಿಯನ್ನು ಪಾನೀಯದ ಕಡೆಗೆ ಮಾಡಿ, ಲೋಟದ ಮೇಲೆ ಒಂದು ಗೇಣಿಗಿಂತ ಕೆಳಗೆ ಹಿಡಿದು, ಎರಡೂ ತುದಿಗಳನ್ನು ಒಮ್ಮೆ ಥಟ್ಟನೆ ಮಡಚಿ ಹಿಂಡಿ. ದೀಪದ ಬೆಳಕಿಗೆ ಹಿಡಿದರೆ ಸಣ್ಣ ತುಂತುರು ಹಾರುವುದು ಕಾಣುತ್ತದೆ. ಮೇಲ್ಮೈಯಲ್ಲಿ ಸೂಜಿಮೊನೆಯಷ್ಟು ಎಣ್ಣೆಯ ಚುಕ್ಕೆಗಳು ತೇಲುತ್ತವೆ. ಪಟ್ಟಿಯನ್ನು ಲೋಟದ ಅಂಚಿಗೆ ಒಮ್ಮೆ ಸವರಿ ಒಳಗೆ ಬಿಡಿ. ಕುಡಿಯುವವನಿಗೆ ಮೊದಲು ಸಿಗುವುದು ಮೂಗಿಗೆ ಈ ಎಣ್ಣೆ, ಆಮೇಲೆ ನಾಲಿಗೆಗೆ ಮದ್ಯ. ಈ ಹೆಜ್ಜೆಯನ್ನು ಬಿಟ್ಟರೆ ಮಿಕ್ಕ ಶ್ರಮವೆಲ್ಲ ಅರ್ಧಕ್ಕೇ ನಿಂತಂತೆ.

ವೈನ್ ಸೇರಿದೆಯಲ್ಲ, ಹಗುರ ಎಂದುಕೊಂಡವರಿಗೆ ಒಂದು ಲೆಕ್ಕ. ನಮ್ಮ ವಿಸ್ಕಿಗಳಲ್ಲಿ ಸಾಮಾನ್ಯವಾಗಿ ನೂರಕ್ಕೆ 42.8 ಭಾಗ ಆಲ್ಕೊಹಾಲ್. 45 ಮಿ.ಲೀ. ವಿಸ್ಕಿಯಿಂದ 19 ಮಿ.ಲೀ.ಗೂ ಮಿಕ್ಕಿ, 30 ಮಿ.ಲೀ. ಪೋರ್ಟಿನಿಂದ 6, ಒಟ್ಟು ಸುಮಾರು 25 ಮಿ.ಲೀ. ಶುದ್ಧ ಆಲ್ಕೊಹಾಲ್. 60 ಮಿ.ಲೀ.ನ ಒಂದು ದೊಡ್ಡ ಪೆಗ್ ವಿಸ್ಕಿಯಲ್ಲಿರುವುದೂ ಹೆಚ್ಚುಕಡಿಮೆ ಅಷ್ಟೇ. ರುಚಿ ಮೆತ್ತಗಿದೆ ಎಂದು ಮೂರನೆಯದಕ್ಕೆ ಕೈಹಾಕುವ ಮೊದಲು ಇದನ್ನು ನೆನೆಯಿರಿ.

ವಿಸ್ಕಿಯೇ ಇಲ್ಲದೆ

ನಿಜಕ್ಕೂ ಹಗುರವಾದದ್ದು ಬೇಕೆನ್ನುವವರಿಗೆ: 75 ಮಿ.ಲೀ. ಟಾನಿ, ನಾಲ್ಕು ಕೊಡವು ಬಿಟರ್ಸ್, ಇದೇ ರೀತಿ ಕಲಕಿ, ಕಿತ್ತಳೆಯ ಬದಲು ನಿಂಬೆ ಸಿಪ್ಪೆ ಹಿಂಡಿ. ಸಕ್ಕರೆ, ಬೆಲ್ಲ ಯಾವುದೂ ಇಲ್ಲ. ಇದರಲ್ಲಿ ಆಲ್ಕೊಹಾಲ್ 15 ಮಿ.ಲೀ. ಮಾತ್ರ. ಊಟಕ್ಕೆ ಮೊದಲು ಕುಡಿಯಲು ನನಗೆ ಹೆಚ್ಚು ಇಷ್ಟವಾಗುವುದು ಇದು. ಬಿಳಿ ಪೋರ್ಟ್ ಸಿಕ್ಕರೆ 60 ಮಿ.ಲೀ.ಗೆ ಎರಡು ಪಾಲು ಟಾನಿಕ್ ನೀರು, ಐಸ್, ಕಿತ್ತಳೆಯ ಹೋಳು. ಪೋರ್ಚುಗಲ್‌ನಲ್ಲಿ ಬೇಸಿಗೆಯ ಸಂಜೆಗಳಿಗೆ ಇದೇ ರೂಢಿ.

ಪೋರ್ಟಿನಂತೆಯೇ ಸಾರಾಯಿ ಕೂಡಿಸಿದ ವೈನ್‌ಗಳಾದ ಶೆರ್ರಿ, ಮದೈರಾ ಸಿಕ್ಕರೂ ಬಿಡಬೇಡಿ. ಶೆರ್ರಿಯಲ್ಲಿ ಓಲೊರೊಸೊ ಬಗೆಯನ್ನು ಟಾನಿಯ ಜಾಗಕ್ಕೆ ಹಾಕಬಹುದು. ಆದರೆ ಅದು ಸಾಮಾನ್ಯವಾಗಿ ಸಿಹಿಯಿಲ್ಲದ್ದು, ಹಾಗಾಗಿ ಬೆಲ್ಲದ ನೀರು ಪೂರ್ತಿ ಒಂದು ಚಮಚ ಬೇಕು. ಮದೈರಾದ ಕತೆ ನಮ್ಮ ಕಡಲಿಗೂ ತಾಗಿಕೊಂಡಿದೆ. ಮದೈರಾ ಎಂಬ ಪೋರ್ಚುಗೀಸ್ ದ್ವೀಪದ ವೈನ್ ಪೀಪಾಯಿಗಳನ್ನು ಭಾರತದ ಕಡೆ ಹೊರಟ ಹಡಗುಗಳಲ್ಲಿ ತುಂಬುತ್ತಿದ್ದರು. ಉಷ್ಣವಲಯದ ಬಿಸಿಲಲ್ಲಿ ಬೆಂದು, ಕಡಲಲ್ಲಿ ತೂಗಿ, ಮಾರಾಟವಾಗದೆ ಮರಳಿದ ಪೀಪಾಯಿಗಳ ವೈನ್ ಹೋಗುವಾಗಿನದಕ್ಕಿಂತ ರುಚಿಯಾಗಿತ್ತು. ಆಮೇಲೆ ಬೇಕೆಂದೇ ಪೀಪಾಯಿಗಳನ್ನು ಈ ಸುತ್ತಿಗೆ ಕಳಿಸತೊಡಗಿದರು. ಈಗ ಹಡಗಿಲ್ಲ, ದ್ವೀಪದಲ್ಲೇ ವೈನನ್ನು ತಿಂಗಳುಗಟ್ಟಲೆ ಬಿಸಿಯಲ್ಲಿಡುತ್ತಾರೆ. ಬೇರೆ ವೈನನ್ನು ಕೆಡಿಸುವ ಸೆಕೆಯೇ ಇದನ್ನು ಕಟ್ಟುತ್ತದೆ. ಆದ್ದರಿಂದ ತೆರೆದ ಮದೈರಾ ಗೋವಾದ ಸೆಕೆಗೂ ಹೆದರುವುದಿಲ್ಲ.

ಅಗ್ಗದ ಪೋರ್ಟನ್ನು ಏನು ಮಾಡುವುದು?

ನೆಂಟರು ತಂದ ಅಥವಾ ಉಳಿಸಿಹೋದ ಸಿಹಿ ಪೋರ್ಟನ್ನು ನೇರವಾಗಿ ಹಾಕಿದರೆ ಪಾನೀಯ ತೆಳುವಾಗುತ್ತದೆ. ಅದನ್ನು ಪಾಕ ಮಾಡಿ. ಒಂದು ಲೋಟ, ಅಂದರೆ 200 ಮಿ.ಲೀ. ವೈನಿಗೆ ಎರಡು ಏಲಕ್ಕಿ ಜಜ್ಜಿ ಹಾಕಿ, ಅಗಲ ಬಾಯಿಯ ಪಾತ್ರೆಯಲ್ಲಿ ತೀರ ಸಣ್ಣ ಉರಿಯಲ್ಲಿ ಮೂರನೇ ಒಂದು ಭಾಗಕ್ಕೆ ಇಳಿಸಿ. ಕಿಟಕಿ ತೆರೆದಿರಲಿ, ಪಾತ್ರೆಯ ಮೇಲೆ ಬಗ್ಗಬೇಡಿ, ಮೊದಲ ಕೆಲವು ನಿಮಿಷ ಏಳುವ ಹಬೆಯಲ್ಲಿ ಆಲ್ಕೊಹಾಲಿದ್ದು ಉರಿ ಹತ್ತಬಹುದು. ಚಮಚದ ಬೆನ್ನಿಗೆ ತೆಳುವಾಗಿ ಅಂಟಿದರೆ ಸಾಕು. ತಣಿದ ಮೇಲೆ ಇನ್ನೂ ದಪ್ಪವಾಗುತ್ತದೆ. ಇದು ನಿಮ್ಮ ಸಕ್ಕರೆ: 60 ಮಿ.ಲೀ. ವಿಸ್ಕಿ, ಈ ಪಾಕ ಒಂದೂವರೆ ಚಹಾ ಚಮಚ, ಮೂರು ಕೊಡವು ಬಿಟರ್ಸ್. ದುಬಾರಿ ಟಾನಿಯ ಆಳ ಇದರಲ್ಲಿಲ್ಲ, ಆದರೆ ನಾಲ್ಕು ಜನ ಕೂತಾಗ ಯಾರೂ ದೂರುವುದಿಲ್ಲ.

ಜೊತೆಗೆ ತಿನ್ನಲು ಸಿಪ್ಪೆಯೊಂದಿಗೆ ಹುರಿದ ಗೋಡಂಬಿ. ಊಟದ ಕೊನೆಗೆ ಕುಡಿಯುವುದಾದರೆ ಒಂದು ತುಂಡು ಬಿಬಿಂಕ: ತೆಂಗಿನ ಹಾಲು, ಮೊಟ್ಟೆಯ ಹಳದಿ, ಜಾಯಿಕಾಯಿ ಸೇರಿದ ಆ ಪದರಗಳಿಗೂ ಟಾನಿಗೂ ಒಳ್ಳೆಯ ಹೊಂದಾಣಿಕೆ. ಮಿರ್ಚಿ ಭಜಿ ಮಾತ್ರ ಬೇಡ. ಉತ್ತರ ಕರ್ನಾಟಕದವರಿಗೆ ಇದು ಕಟುವಾದ ಮಾತು ಎಂದು ಗೊತ್ತು, ಆದರೆ ಮೆಣಸಿನ ಉರಿ ಆಲ್ಕೊಹಾಲಿನ ಉರಿಯನ್ನು ದುಪ್ಪಟ್ಟು ಮಾಡಿ ಪೋರ್ಟಿನ ರುಚಿಯನ್ನೇ ಅಳಿಸುತ್ತದೆ.

ತೆರೆದ ಬಾಟಲಿಯನ್ನು ಫ್ರಿಜ್ಜಿನ ಮೇಲೆ ಇಡುವ ಚಾಳಿ ನಮ್ಮಲ್ಲಿ ಹೆಚ್ಚು. ಅದರ ಜಾಗ ಫ್ರಿಜ್ಜಿನ ಒಳಗೆ, ನೆಟ್ಟಗೆ ನಿಲ್ಲಿಸಿ. ಟಾನಿ ಒಂದೆರಡು ತಿಂಗಳು ತಾಳುತ್ತದೆ, ರೂಬಿಯನ್ನು ಮೂರ್ನಾಲ್ಕು ವಾರದಲ್ಲಿ ಮುಗಿಸಿ. ಬಾಟಲಿಯಲ್ಲಿ ಕಾಲು ಭಾಗ ಉಳಿದಾಗ ಚಿಕ್ಕ ಬಾಟಲಿಗೆ ಬಗ್ಗಿಸಿ ಬಾಯಿತನಕ ತುಂಬಿಟ್ಟರೆ ಗಾಳಿ ತಾಗುವುದು ಕಡಿಮೆ.

ಗೋವಾದಲ್ಲಿ ಮದ್ಯ ಕೊಳ್ಳಲು, ಕುಡಿಯಲು 21 ವರ್ಷ ತುಂಬಿರಬೇಕು. ಬೀಚಿನ ಮರಳಿನ ಮೇಲೆ ಲೋಟ ಹಿಡಿದು ಕೂರುವುದಕ್ಕೆ ದಂಡವಿದೆ. ಗಾಡಿ ಓಡಿಸುವವನ 100 ಮಿ.ಲೀ. ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಆಲ್ಕೊಹಾಲ್ ಕಂಡರೆ ಅಪರಾಧ. ಮೇಲಿನ ಅಳತೆಯ ಒಂದು ಲೋಟ ಕುಡಿದವರೂ ಆ ರಾತ್ರಿ ಕೀಲಿಕೈ ಮುಟ್ಟದಿರುವುದೇ ಸರಿ. ಉಳಿದ ಬಾಟಲಿಯನ್ನು ಗೆಳೆಯರು ಊರಿಗೆ ಒಯ್ಯುತ್ತೇವೆಂದರೆ ಮುಲಾಜಿಲ್ಲದೆ ಬೇಡವೆನ್ನಿ. ಗೋವಾದ ಮದ್ಯವನ್ನು ಪರವಾನಗಿಯಿಲ್ಲದೆ ಕರ್ನಾಟಕಕ್ಕೆ ಸಾಗಿಸುವವರನ್ನು ಹಿಡಿಯಲೆಂದೇ ಅನಮೋಡ, ಮಾಜಾಳಿ ತನಿಖಾ ಠಾಣೆಗಳಲ್ಲಿ ಅಬಕಾರಿಯವರು ಡಿಕ್ಕಿ ತೆರೆಸಿ ನೋಡುತ್ತಾರೆ.